ವಿಟ್ಲಿ ಬೇಯಲ್ಲಿ ಮನೆ ಮಾಡುವ ಮುನ್ನ

ಜನವರಿಯಲ್ಲಿ ಇಂಗ್ಲೆಂಡಿನ ನ್ಯೂಕಾಸಲ್‌ಗೆ ಬರ್ತಿದ್ದೀನಿ, ವಿಟ್ಲಿ ಬೇಯಲ್ಲಿ ಬಾಡಿಗೆ ಮನೆ ಸಿಕ್ಕಿದೆ, ಆಫೀಸು ಮುಗಿಸಿ ದಿನಾ ಸಂಜೆ ಬೀಚಲ್ಲಿ ಓಡಾಡಬಹುದಾ, ಸಮುದ್ರದ ಪಕ್ಕದ ಮನೆ ತೊಂದರೆ ಕೊಡುತ್ತಾ ಅಂತ ಕೇಳಿದ್ದೀರಿ. ಜಾಗ ಒಳ್ಳೆಯದು. ಮೆಟ್ರೋ ಇದೆ, ಪಕ್ಕದ ಊರುಗಳಾದ ಕಲ್ಲರ್‌ಕೋಟ್ಸ್, ಟೈನ್‌ಮತ್ ಎರಡಕ್ಕೂ ನಡೆದೇ ಹೋಗಬಹುದು. ಸಂಜೆಯ ಓಡಾಟ ಮಾತ್ರ ಮಾರ್ಚ್‌ವರೆಗೆ ಮರೆತುಬಿಡಿ.

ಊರಿಂದ ಬಂದ ಹೊಸದರಲ್ಲಿ ನಮ್ಮವರಿಗೆಲ್ಲ ಕೈಕೊಡುವುದು ಇದೇ ಅಭ್ಯಾಸ: ಬೀಚು ಅಂದರೆ ಐದು ಗಂಟೆಗೆ ಹೋಗಿ ಸೂರ್ಯಾಸ್ತ ನೋಡುವುದು. ಇಲ್ಲಿ ಕಡಲಿರುವುದು ಪೂರ್ವಕ್ಕೆ, ಸೂರ್ಯ ಮುಳುಗುವುದು ಮನೆಗಳ ಹಿಂದೆ. ಅದೂ ಡಿಸೆಂಬರ್ ಕೊನೆಯಲ್ಲಿ 3:40ಕ್ಕೇ. ಜನವರಿ ಮುಗಿಯುವಾಗಲೂ ನಾಲ್ಕೂವರೆಯ ಆಸುಪಾಸು. ಸೂರ್ಯೋದಯ ಬೇಕಿದ್ದರೆ ಅಲಾರಂ ಇಟ್ಟು ಏಳುವ ಕಷ್ಟವೂ ಇಲ್ಲ, ಎಂಟೂವರೆಗೆ ಕಾಫಿ ಕುಡಿದೇ ಹೋಗಬಹುದು.

ಕತ್ತಲಿಗಿಂತ ದೊಡ್ಡ ಸಂಗತಿ ಉಬ್ಬರ. ಕಾರವಾರದಲ್ಲೋ ಮಂಗಳೂರಲ್ಲೋ ನೀರು ಏರಿಳಿಯುವುದು ಎರಡು ಮೀಟರಿನ ಒಳಗೆ ಹೊರಗೆ. ಇಲ್ಲಿ ಅಮಾವಾಸ್ಯೆ, ಹುಣ್ಣಿಮೆ ಕಳೆದ ಒಂದೆರಡು ದಿನಕ್ಕೆ ನಾಲ್ಕು ಮೀಟರ್ ದಾಟುತ್ತದೆ. ಏರುವುದೂ ಒಂದೇ ಸಮನಾಗಿ ಅಲ್ಲ. ಒಟ್ಟು ಆರು ಗಂಟೆಯಲ್ಲಿ ಮೊದಲ ಗಂಟೆಗೆ ಹನ್ನೆರಡರಲ್ಲಿ ಒಂದು ಪಾಲು, ಎರಡನೆಯದಕ್ಕೆ ಎರಡು, ಮೂರು ಮತ್ತು ನಾಲ್ಕನೆಯದಕ್ಕೆ ತಲಾ ಮೂರು, ಆಮೇಲೆ ಎರಡು, ಒಂದು. ಅಂದರೆ ಮಧ್ಯದ ಎರಡು ಗಂಟೆ, ಗಂಟೆಗೆ ಒಂದೊಂದು ಮೀಟರ್. ಮೊದಲ ಗಂಟೆ ನೋಡಿ 'ನಿಧಾನ ಇದೆ' ಅಂದುಕೊಂಡು ಬಂಡೆಗಳ ಬುಡದಲ್ಲಿ ಮೂಲೆ ತಿರುಗಿದವರಿಗೆ ವಾಪಸು ದಾರಿ ಇರುವುದಿಲ್ಲ.

ಇನ್ನೊಂದು ಲೆಕ್ಕ ತಲೆಯಲ್ಲಿರಲಿ. ಈ ದೊಡ್ಡ ಉಬ್ಬರದ ದಿನಗಳಲ್ಲಿ ಇಲ್ಲಿ ನೀರು ತುಂಬುವುದು ಹೆಚ್ಚುಕಮ್ಮಿ ಮೂರೂವರೆ, ನಾಲ್ಕೂವರೆ ಹೊತ್ತಿಗೆ. ಚಳಿಗಾಲದಲ್ಲಿ ಕತ್ತಲಾಗುವುದೂ ಆಗಲೇ. ಅದೇ ದಿನ ಬೆಳಗ್ಗೆ ಹತ್ತರ ಸುಮಾರಿಗೆ ಪೂರ್ತಿ ಇಳಿತ, ಮರಳು ಉದ್ದಕ್ಕೂ ಗಟ್ಟಿ, ನಡೆಯಲು ಅದಕ್ಕಿಂತ ಚೆನ್ನಾದ ಹೊತ್ತಿಲ್ಲ. ಮಿಕ್ಕ ದಿನಗಳಲ್ಲಿ ವೇಳೆ ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ. ಊರಿಂದ ತರುವ ಕ್ಯಾಲೆಂಡರ್ ಗೋಡೆಗೆ ಹಾಕಿ, ದೊಡ್ಡ ಉಬ್ಬರದ ದಿನಗಳು ಅದರಲ್ಲೇ ಗೊತ್ತಾಗುತ್ತವೆ. ನಿಖರ ಸಮಯಕ್ಕೆ ಹತ್ತಿರದ ಬಂದರು ನಾರ್ತ್ ಶೀಲ್ಡ್ಸ್‌ನ ಉಬ್ಬರದ ಪಟ್ಟಿ ನೋಡಿ. ಪೂರ್ವದ ಗಾಳಿ ಜೋರಾಗಿದ್ದರೆ, ವಾಯುಭಾರ ಕುಸಿದಿದ್ದರೆ, ನೀರು ಆ ಪಟ್ಟಿಗಿಂತಲೂ ಮೇಲೆ ಬರುತ್ತದೆ.

ಇಲ್ಲಿನ ಸೇಂಟ್ ಮೇರೀಸ್ ದ್ವೀಪದ ದೀಪಸ್ತಂಭಕ್ಕೆ ಹೋಗಿಯೇ ಹೋಗುತ್ತೀರಿ, ಎಲ್ಲರೂ ಹೋಗುತ್ತಾರೆ. 1898ರದ್ದು, 1984ರಲ್ಲಿ ದೀಪ ನಿಂತಿತು. ಅಲ್ಲಿಗೆ ಹೋಗುವ ಕಾಲುದಾರಿ ಉಬ್ಬರದಲ್ಲಿ ಮುಳುಗುತ್ತದೆ, ನೀರು ಎರಡೂ ಕಡೆಯಿಂದ ಬರುತ್ತದೆ. ದಾಟುವ ವೇಳೆ ನೋಡಿಯೇ ಹೊರಡಿ. ಆಚೆ ಸಿಕ್ಕಿಕೊಂಡರೆ ಅಲ್ಲೇ ಕೂತು ಇಳಿತಕ್ಕೆ ಕಾಯಿರಿ. ಮೊಣಕಾಲುದ್ದ ನೀರು ತಾನೇ ಎಂದು ಇಳಿಯಬೇಡಿ. ಫೆಬ್ರವರಿ, ಮಾರ್ಚ್‌ನಲ್ಲಿ ಈ ಸಮುದ್ರ 6, 7 ಡಿಗ್ರಿ. ಬಿದ್ದ ತಕ್ಷಣ ಉಸಿರು ತಾನಾಗಿ ಏದುತ್ತದೆ, ಬಾಯಿಗೆ ನೀರು ಹೋಗುವುದು ಆಗಲೇ. ಕೈಕಾಲು ಬಡಿಯದೆ ಅಂಗಾತ ತೇಲಿ, ಒಂದೆರಡು ನಿಮಿಷದಲ್ಲಿ ಉಸಿರು ಹಿಡಿತಕ್ಕೆ ಬರುತ್ತದೆ. ಬೇರೆಯವರು ಬಿದ್ದದ್ದು ಕಂಡರೆ 999ಕ್ಕೆ ಫೋನ್ ಮಾಡಿ ಕೋಸ್ಟ್‌ಗಾರ್ಡ್ ಕೇಳಿ. ನೀವು ಹಾರಬೇಡಿ. ಜನವರಿಯಲ್ಲಿ ಈಜುವ ಅಜ್ಜಿಯರು ಕಾಣಸಿಗುತ್ತಾರೆ, ಅವರದ್ದು ಬಹಳ ವರ್ಷಗಳ ರೂಢಿ, ಪೈಪೋಟಿ ಬೇಡ.

ಬಟ್ಟೆ ವಿಚಾರ: ಇಲ್ಲಿ ಕೊರೆಯುವುದು ಗಾಳಿ. ಒಳಗೆ ಉಣ್ಣೆ, ಮೇಲೆ ಗಾಳಿ ತೂರದ ಜಾಕೆಟ್. ಜೀನ್ಸ್ ಒದ್ದೆಯಾದರೆ ಒಣಗುವುದಿಲ್ಲ. ಛತ್ರಿ ಮೊದಲ ದಿನವೇ ಮಗುಚಿಕೊಳ್ಳುತ್ತದೆ.

ಮನೆಯಲ್ಲಿ ಬೂಷ್ಟು ನೋಡಿಕೊಳ್ಳಿ. ನಮ್ಮ ಅಡುಗೆಯ ಹಬೆ, ಒಳಗೇ ಒಣಹಾಕಿದ ಬಟ್ಟೆ, ಹೀಟಿಂಗ್ ಉಳಿಸಲು ಮುಚ್ಚಿಟ್ಟ ಕಿಟಕಿ: ಈ ಮೂರು ಸೇರಿದರೆ ಬೀರುವಿನ ಹಿಂದೆ ಕಪ್ಪು ಚುಕ್ಕೆ ಖಂಡಿತ. ಕುಕ್ಕರ್ ಇಳಿಸಿದ ಮೇಲೂ ಕಾಲು ಗಂಟೆ ಫ್ಯಾನ್ ಓಡಲಿ, ಬೆಳಗ್ಗೆ ಹತ್ತು ನಿಮಿಷ ಕಿಟಕಿ ತೆಗೆಯಿರಿ, ಗಾಜಿನ ಮೇಲಿನ ನೀರು ಒರೆಸಿ, ಬೀರು ಹೊರಗೋಡೆಗೆ ತಾಗದಂತೆ ನಾಲ್ಕು ಬೆರಳು ದೂರ ಇಡಿ. ಸೈಕಲ್ ತರುವುದಾದರೆ ಚೈನಿಗೆ ಎಣ್ಣೆ ತಪ್ಪಿಸಬೇಡಿ, ಉಪ್ಪುಗಾಳಿ ಬಿಡುವುದಿಲ್ಲ.

ವಿಟಮಿನ್ ಡಿ ದಿನಕ್ಕೆ 10 ಮೈಕ್ರೋಗ್ರಾಂ; ನಮ್ಮ ಚರ್ಮಕ್ಕೆ ಚಳಿಗಾಲ ಮಾತ್ರವಲ್ಲ, ವರ್ಷವಿಡೀ ತೆಗೆದುಕೊಳ್ಳುವುದು ಒಳ್ಳೆಯದು.

ಕೊನೆಗೆ, ನೀವು ಕೇಳದಿದ್ದರೂ ಹೇಳುತ್ತೇನೆ. ನಮ್ಮವರ ಶನಿವಾರ, ಭಾನುವಾರದ ಬೆಳಗೆಲ್ಲ ಊರಿಗೆ ಫೋನ್ ಮಾಡುವುದರಲ್ಲೇ ಕಳೆಯುತ್ತದೆ, ಇಡುವಷ್ಟರಲ್ಲಿ ಬೆಳಕು ಮುಗಿದಿರುತ್ತದೆ. ಹೀಗೇ ಎಷ್ಟೋ ಚಳಿಗಾಲ ಕಳೆದು, ಕಡಲ ಪಕ್ಕ ಇದ್ದೂ ಕಡಲು ನೋಡದವರು ಇಲ್ಲಿ ಬೇಕಾದಷ್ಟಿದ್ದಾರೆ. ಚಳಿಗಾಲದಲ್ಲಿ ಊರು ಐದೂವರೆ ಗಂಟೆ ಮುಂದೆ. ನಾಲ್ಕಕ್ಕೆ ಕತ್ತಲಾದ ಮೇಲೆ ಮಾಡಿದರೂ ಅಲ್ಲಿ ಒಂಬತ್ತೂವರೆ, ಅಪ್ಪ ಅಮ್ಮ ಊಟ ಮುಗಿಸಿ ಕೂತಿರುತ್ತಾರೆ. ಬರುವ ಮೊದಲೇ ಅವರಿಗೆ ಈ ಹೊತ್ತು ಹೇಳಿಟ್ಟುಬಿಡಿ.