ಯೀಸ್ಟಿನ ಪ್ರೋಟೀನು, ಬ್ಯಾಕ್ಟೀರಿಯಾದ ಬಸಿರು

ಪ್ರಶ್ನೆ: ಮಗಳು ಎಂ.ಎಸ್ಸಿ. ಬಯೋಟೆಕ್ನಾಲಜಿ ಓದುತ್ತಿದ್ದಾಳೆ. ಅವಳ ಪ್ರಾಜೆಕ್ಟಿಗೆ ಯೀಸ್ಟಿನ 'ಟಿಮ್8' ಪ್ರೋಟೀನು ತರಿಸಿದ್ದಾರೆ. ಪುಟಾಣಿ ಟ್ಯೂಬು, ಒಳಗೆ ಏನೂ ಕಾಣಲ್ಲ, ಬೆಲೆ ಕೇಳಿದರೆ ತಲೆ ತಿರುಗುತ್ತೆ. ಲೇಬಲ್ಲಿನಲ್ಲಿ 'ಇ. ಕೋಲಿಯಲ್ಲಿ ತಯಾರಿಸಿದ್ದು, ಸಂಶೋಧನೆಗೆ ಮಾತ್ರ' ಎಂದಿದೆ. ಯೀಸ್ಟು ಬೇಕರಿಯಲ್ಲೇ ಸಿಗುತ್ತಲ್ಲ ಮೇಡಂ, ಯಾಕಿಷ್ಟು ಸುತ್ತಾಟ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ಬೇಕರಿಯ ಯೀಸ್ಟೇ ಅದು, ಅನುಮಾನ ಬೇಡ. ಆದರೆ ಅದರಿಂದ ಟಿಮ್8 ಒಂದನ್ನೇ ಬೇರೆ ಮಾಡಿ ತೆಗೆಯಲು ಹೊರಟರೆ ಸಾಕುಸಾಕಾಗುತ್ತದೆ. ಯೀಸ್ಟಿನ ಮೈಟೊಕಾಂಡ್ರಿಯಾದಲ್ಲಿ, ಅಂದರೆ ಜೀವಕೋಶಕ್ಕೆ ಶಕ್ತಿ ಒದಗಿಸುವ ಪುಟ್ಟ ಅಂಗದಲ್ಲಿ, ಹೆಚ್ಚುಕಡಿಮೆ 1000 ಬಗೆಯ ಪ್ರೋಟೀನುಗಳಿವೆ. ಅದರ ಸ್ವಂತ ಡಿಎನ್‌ಎಯಿಂದ ತಯಾರಾಗುವ ಮುಖ್ಯ ಪ್ರೋಟೀನುಗಳು 8 ಮಾತ್ರ. ಉಳಿದವೆಲ್ಲ ಹೊರಗೆ ತಯಾರಾಗಿ ಒಳಗೆ ಬರಬೇಕು. ಹೊರಪೊರೆಯ ಬಾಗಿಲು 'ಟಾಮ್' ಗುಂಪಿನದು, ಒಳಪೊರೆಯದು 'ಟಿಮ್' ಗುಂಪಿನದು. ಟಿಮ್8 ಇರುವುದು ಈ ಎರಡು ಪೊರೆಗಳ ನಡುವೆ. ತೀರಾ ಚಿಕ್ಕದು, ಪ್ರೋಟೀನಿನ ಇಟ್ಟಿಗೆಗಳಾದ ಅಮೈನೋ ಆಮ್ಲಗಳು ಅದರಲ್ಲಿ 100 ಕೂಡ ಇಲ್ಲ. ನೀರು ಕಂಡರಾಗದ, ಪೊರೆಯಲ್ಲಷ್ಟೇ ನೆಲೆಸುವ ಪ್ರೋಟೀನುಗಳು ಆ ನೀರಿನ ಜಾಗದಲ್ಲಿ ಮುದ್ದೆಯಾಗದಂತೆ ದಾಟಿಸುವುದು ಇದರ ಕೆಲಸ.

ಇಷ್ಟಕ್ಕೆಲ್ಲ ಯೀಸ್ಟೇ ಯಾಕೆ ಅಂದರೆ, ನಮ್ಮ ಜೀವಕೋಶದಲ್ಲೂ ಟಿಮ್8ನ ನೆಂಟ ಇದ್ದಾನೆ. ಅವನ ಜೀನು ಎಕ್ಸ್ ಕ್ರೋಮೋಸೋಮಿನಲ್ಲಿದೆ. ಅದು ಕೆಟ್ಟರೆ ಗಂಡುಮಕ್ಕಳಿಗೆ ಚಿಕ್ಕಂದಿನಲ್ಲೇ ಕಿವಿ ಕೇಳಿಸದಾಗುತ್ತದೆ, ಆಮೇಲೆ ಸ್ನಾಯುಗಳು ಸೆಟೆದು ತಿರುಚಿಕೊಳ್ಳುತ್ತವೆ. ಅಪರೂಪದ ಕಾಯಿಲೆ, ಆದರೆ ಕ್ರೂರವಾದದ್ದು. ಮಗುವಿನ ನರದಲ್ಲಿ ನೋಡಲಾಗದ್ದನ್ನು ಯೀಸ್ಟಿನಲ್ಲಿ ನೋಡಬಹುದು, ಅಲ್ವಾ?

ಈಗ ಇ. ಕೋಲಿಯ ಮಾತು. ಯೀಸ್ಟಿನ ಆ ಜೀನನ್ನು ಈ ಬ್ಯಾಕ್ಟೀರಿಯಾದೊಳಗೆ ಸೇರಿಸಿದರೆ ಒಂದೇ ರಾತ್ರಿಯಲ್ಲಿ ಬೇಕಾದಷ್ಟು ಪ್ರೋಟೀನು ಮಾಡಿಕೊಡುತ್ತದೆ. ಸಾಮಾನ್ಯವಾಗಿ ಅದರ ತುದಿಗೆ ಹಿಸ್ಟಿಡಿನ್ ಎಂಬ ಅಮೈನೋ ಆಮ್ಲ ಆರರ ಬಾಲ ಕಟ್ಟಿರುತ್ತಾರೆ. ಆ ಬಾಲ ನಿಕ್ಕಲ್ ಕಾಲಂಗೆ (ನಿಕ್ಕಲ್ ಇರುವ ಸೋಸುಕೊಳವೆಗೆ) ಅಂಟಿಕೊಳ್ಳುತ್ತದೆ, ಉಳಿದ ಕಸ ತೊಳೆದುಹೋಗುತ್ತದೆ. ನೀವು ಕೊಡುವ ದುಡ್ಡು ಬಹುಪಾಲು ಈ ಶುದ್ಧೀಕರಣಕ್ಕೆ.

ಆದರೆ ಇಲ್ಲೊಂದು ತೊಡಕಿದೆ, ಮಗಳಿಗೆ ತಪ್ಪದೆ ಹೇಳಿ. ಟಿಮ್8 ಸರಿಯಾಗಿ ಮಡಚಿಕೊಳ್ಳಲು ಅದರಲ್ಲಿರುವ ಸಿಸ್ಟೀನ್ ಎಂಬ ನಾಲ್ಕು ಅಮೈನೋ ಆಮ್ಲಗಳ ನಡುವೆ ಗಂಧಕದ ಕೊಂಡಿ ಬೀಳಬೇಕು. ಯೀಸ್ಟಿನಲ್ಲಿ ಅದನ್ನು ಹಾಕಿಕೊಡುವುದು ಮಿಯಾ40 ಎಂಬ ಇನ್ನೊಂದು ಪ್ರೋಟೀನು. ಸಾಧಾರಣ ಇ. ಕೋಲಿಯ ಒಡಲಲ್ಲಿ ಆ ಕೊಂಡಿ ಸುಲಭಕ್ಕೆ ಬೀಳುವುದಿಲ್ಲ. 'ಶೇ. 90 ಶುದ್ಧ' ಎಂಬ ಲೇಬಲ್ಲು ನೋಡಿ ಖುಷಿಪಡಬೇಡಿ. ಶುದ್ಧವಾಗಿದ್ದ ಮಾತ್ರಕ್ಕೆ ಸರಿಯಾಗಿ ಮಡಚಿಕೊಂಡಿದೆ ಅಂತಲ್ಲ. ಕೊಂಡಿ ಬಿದ್ದಿದೆಯೇ ಎಂದು ತಿಳಿಯಲು, ಗಂಧಕದ ಕೊಂಡಿ ಬಿಚ್ಚುವ ಡಿಟಿಟಿ ಎಂಬ ರಾಸಾಯನಿಕ ಹಾಕಿ ಒಂದು ಸಲ, ಹಾಕದೆ ಒಂದು ಸಲ ಪ್ರೋಟೀನನ್ನು ಜೆಲ್‌ನಲ್ಲಿ ಓಡಿಸಿ ಹೋಲಿಸಿ ನೋಡಲಿ. ಪ್ರಯೋಗದ ಬಫರಿಗೆ (ಪ್ರೋಟೀನು ಕರಗಿಸಿಡುವ ದ್ರಾವಣಕ್ಕೆ) ಮಾತ್ರ ಸುಮ್ನೆ ಅಭ್ಯಾಸಬಲದಿಂದ ಡಿಟಿಟಿ ಸುರಿಯಬಾರದು, ಇರುವ ಕೊಂಡಿಯೂ ಬಿಚ್ಚಿಹೋಗುತ್ತದೆ.

ಟ್ಯೂಬನ್ನು ತೆರೆಯುವ ಮುಂಚೆ ಸೆಂಟ್ರಿಫ್ಯೂಜಿನಲ್ಲಿ ಒಂದು ಸುತ್ತು ತಿರುಗಿಸಲಿ. ಕಾಣದ ಪುಡಿ ಮುಚ್ಚಳಕ್ಕೆ ಮೆತ್ತಿಕೊಂಡಿರುತ್ತದೆ. ಕರಗಿಸಿದ ಮೇಲೆ ಚೂರುಚೂರು ಹಂಚಿ ಮೈನಸ್ 80 ಡಿಗ್ರಿಯಲ್ಲಿಡಲಿ. ಪದೇಪದೇ ಕರಗಿಸಿ ಹೆಪ್ಪುಗಟ್ಟಿಸಿದರೆ ಕೆಡುತ್ತದೆ. 'ಸಂಶೋಧನೆಗೆ ಮಾತ್ರ' ಅಂದರೆ ಅದು ಔಷಧಿಯ ಮಟ್ಟದ ಪರೀಕ್ಷೆ ದಾಟಿದ್ದಲ್ಲ ಅಂತ, ಹೆದರಬೇಕಿಲ್ಲ.

ಇನ್ನೊಂದು ವಿಷಯ. ಟಿಮ್8 ಒಂಟಿಯಾಗಿ ದುಡಿಯುವುದಿಲ್ಲ. ಮೂರು ಟಿಮ್8, ಅದರ ಜೊತೆಗಾರ ಪ್ರೋಟೀನಾದ ಟಿಮ್13 ಮೂರು ಸೇರಿದಾಗಲೇ ಅದಕ್ಕೆ ಕಸುವು. ಲ್ಯಾಬಿನವರು ಟಿಮ್13 ಕೂಡ ತರಿಸಿದ್ದಾರಾ ಅಂತ ಮಗಳು ಈಗಲೇ ಕೇಳಲಿ.