ಆಟದಂಗಳ: ಬ್ಯಾಸ್ಕೆಟ್‌ಬಾಲ್ ಕೋಚ್ ಆಗಬೇಕೆನ್ನುವವರ ಪ್ರಶ್ನೆಗಳು

ಪ್ರಶ್ನೆ: ಬಿ.ಎ. ಕೊನೇ ವರ್ಷದಾಗ ಅದೀನ್ರಿ. ಮೂರು ವರ್ಷ ಕಾಲೇಜ್ ಟೀಮಿನಾಗ ಆಡೀನಿ. ಕಾಲೇಜಿನ ಬ್ಯಾಸ್ಕೆಟ್‌ಬಾಲ್ ಹೆಡ್ ಕೋಚ್ ಆಗಬೇಕಂತ ಆಸೆ. ಬಿ.ಪಿ.ಇಡಿ (ದೈಹಿಕ ಶಿಕ್ಷಣದ ಪದವಿ) ಮಾಡ್ಲೋ, ಎನ್‌ಐಎಸ್ (ಕೋಚಿಂಗ್ ಡಿಪ್ಲೊಮಾ) ಮಾಡ್ಲೋ?
— ಓದುಗ, ಜಮಖಂಡಿ

ಉತ್ತರ: ಮೊದಲೇ ಹೇಳಿಬಿಡುತ್ತೇವೆ, ನಮ್ಮ ಡಿಗ್ರಿ ಕಾಲೇಜುಗಳಲ್ಲಿ ಆ ಹೆಸರಿನ ಕಾಯಂ ಹುದ್ದೆ ಸಾಮಾನ್ಯವಾಗಿ ಇರುವುದಿಲ್ಲ. ಇರುವುದು ದೈಹಿಕ ಶಿಕ್ಷಣ ನಿರ್ದೇಶಕರ ಹುದ್ದೆ. ಕಬಡ್ಡಿ, ಖೋಖೋ, ವಾಲಿಬಾಲ್ ಎಲ್ಲವೂ ಅವರ ತಲೆಗೇ, ಬ್ಯಾಸ್ಕೆಟ್‌ಬಾಲ್ ಅದರಲ್ಲೊಂದು.

ಆ ಹುದ್ದೆಗೆ ಬಿ.ಪಿ.ಇಡಿ ಎರಡು ವರ್ಷ, ಅದರ ಮೇಲಿನ ಸ್ನಾತಕೋತ್ತರ ಎಂ.ಪಿ.ಇಡಿ ಎರಡು ವರ್ಷ ಓದಬೇಕು. 2018ರ ಯುಜಿಸಿ ನಿಯಮದಂತೆ ಸ್ನಾತಕೋತ್ತರದಲ್ಲಿ ಶೇ 55 ಅಂಕ, ಜತೆಗೆ ನೆಟ್ ಅಥವಾ ಕೆ-ಸೆಟ್ ಅರ್ಹತಾ ಪರೀಕ್ಷೆ ಪಾಸಾಗಿರಬೇಕು, ಇಲ್ಲವೇ ಪಿಎಚ್.ಡಿ ಇರಬೇಕು. ಓಟದ ಪರೀಕ್ಷೆಯೂ ಇದೆ: 30 ವರ್ಷದೊಳಗಿನ ಗಂಡಸರು 12 ನಿಮಿಷದಲ್ಲಿ 1800 ಮೀಟರ್, 40ರೊಳಗಿನವರು 1500. ಹೆಣ್ಣುಮಕ್ಕಳಿಗೆ ಇದೇ ವಯಸ್ಸಿನಂತೆ 8 ನಿಮಿಷದಲ್ಲಿ 1000 ಮತ್ತು 800. ಟ್ರ್ಯಾಕಿನ ನಾಲ್ಕೂವರೆ ಸುತ್ತು ನಿಮಗೀಗ ನಗೆಪಾಟಲು ಅನ್ನಿಸಬಹುದು. ನೆಟ್ ಓದುತ್ತ ಏಳೆಂಟು ವರ್ಷ ಕೂತವರನ್ನು ಕೇಳಿ ನೋಡಿ.

ಹೆಚ್ಚು ಜನ ಎಡವುವುದು ಕಾಗದದಲ್ಲಿ. ಅಂತರ್‌ಕಾಲೇಜು, ಅಂತರ್‌ವಿಶ್ವವಿದ್ಯಾಲಯ ಅಥವಾ ರಾಜ್ಯ, ರಾಷ್ಟ್ರಮಟ್ಟದಲ್ಲಿ ಆಡಿದ ದಾಖಲೆಯನ್ನೂ ನಿಯಮ ಕೇಳುತ್ತದೆ. ಸರ್ಟಿಫಿಕೇಟಿನಲ್ಲಿ ಹೆಸರು, ಇನಿಶಿಯಲ್ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿರುವಂತೆಯೇ ಇದೆಯೇ, ವರ್ಷ, ಸಹಿ, ಮೊಹರು ಸರಿಯೇ ಎಂದು ಕಾಲೇಜು ಬಿಡುವ ಮೊದಲೇ ನೋಡಿಕೊಳ್ಳಿ. ಹತ್ತು ವರ್ಷದ ಮೇಲೆ ತಿದ್ದಿಸಲು ಹೋದರೆ ಸಹಿ ಮಾಡಿದವರು ನಿವೃತ್ತರಾಗಿರುತ್ತಾರೆ.

ಎನ್‌ಐಎಸ್ ಬೇರೆಯೇ ದಾರಿ. ಪಟಿಯಾಲಾದ ರಾಷ್ಟ್ರೀಯ ಕ್ರೀಡಾ ಸಂಸ್ಥೆಯ ಒಂದು ವರ್ಷದ ಡಿಪ್ಲೊಮಾ ಕ್ರೀಡಾ ಪ್ರಾಧಿಕಾರ, ಅಕಾಡೆಮಿಗಳಂಥ ಕಡೆ ಕೋಚ್ ಆಗಲು ಬೇಕಾದದ್ದು. ಅದೊಂದರಿಂದಲೇ ಕಾಲೇಜಿನ ಹುದ್ದೆ ಸಿಗದು. ಆರು ವಾರದ ಸರ್ಟಿಫಿಕೇಟ್ ಕೋರ್ಸನ್ನು ಡಿಪ್ಲೊಮಾ ಎಂದು ತಿಳಿದು ಮೋಸಹೋಗಬೇಡಿ. ನಮ್ಮನ್ನು ಕೇಳಿದರೆ, ಮನಸ್ಸು ಕಾಲೇಜಿನ ಮೇಲಿದ್ದರೆ ಎಂ.ಪಿ.ಇಡಿ ಮೊದಲು, ಎನ್‌ಐಎಸ್ ಆಮೇಲೆ.

ಪ್ರಶ್ನೆ: ಅತಿಥಿ ಪಿ.ಇ. ಡೈರೆಕ್ಟರ್ ಆಗಿದ್ದೇನೆ. ಸಿಮೆಂಟ್ ಕೋರ್ಟ್, ಸಂಜೆ ಒಂದು ತಾಸು, 12 ಹುಡುಗರು. ನಮ್ಮಲ್ಲಿ ಚೆನ್ನಾಗಿ ಬೀಳುವ ಶಾಟ್ ಹೊರಗೆ ಹೋದರೆ ರಿಂಗಿನ ಮುಂದಿನ ಅಂಚಿಗೇ ಬಡಿಯುತ್ತದೆ. ಏನು ಮಾಡಲಿ?
— ಓದುಗರು, ಗೋಕಾಕ

ಉತ್ತರ: ಹುಡುಗರನ್ನು ಬೈಯುವ ಮೊದಲು ಟೇಪ್ ಹಿಡಿಯಿರಿ. ನೆಲದಿಂದ ರಿಂಗಿನ ಮೇಲಂಚಿಗೆ 3.05 ಮೀಟರ್ ಇರಬೇಕು. ಹಳೇ ಕೋರ್ಟಿನ ಮೇಲೆ ಇನ್ನೊಂದು ಪದರ ಕಾಂಕ್ರೀಟ್ ಹಾಕಿಸಿದ್ದರೆ ನೆಲ ಎರಡು ಇಂಚು ಏರಿರುತ್ತದೆ, ಕಂಬ ಇದ್ದಲ್ಲೇ ಇರುತ್ತದೆ. ಅಂದರೆ ನಿಮ್ಮ ರಿಂಗು 3 ಮೀಟರಿಗೆ ಇಳಿಯಿತು. ಅದಕ್ಕೆ ಕೈ ಹೊಂದಿದವನ ಶಾಟ್ ಸರಿ ಎತ್ತರದ ರಿಂಗಿಗೆ ಗಿಡ್ಡವಾಗುತ್ತದೆ. ಅಂಚಿನ ಹಿಂದೆ-ಮುಂದೆ ಎರಡೂ ಕಡೆ ಅಳೆಯಿರಿ. ಹುಡುಗರು ಜೋತುಬಿದ್ದು ಜೋತುಬಿದ್ದು ರಿಂಗು ಮುಂದಕ್ಕೆ ಬಾಗಿದ್ದರೆ ಬೋಲ್ಟ್ ಬಿಗಿ ಮಾಡಿಸಿ, ಇಲ್ಲವೇ ರಿಂಗು ಬದಲಿಸಿ.

ಅಳತೆ ಸರಿಯಿದ್ದರೆ ಕಾಲು ನೋಡಿ. ದಣಿದವನು ಮೊಣಕಾಲು ಬಗ್ಗಿಸದೆ ಬರೀ ತೋಳಿನಿಂದ ಎಸೆಯುತ್ತಾನೆ. ಶಾಟ್ ಅಭ್ಯಾಸ ಮೊದಲ ಹತ್ತು ನಿಮಿಷಕ್ಕಷ್ಟೇ ಬೇಡ, ಓಡಿಸಿದ ಮೇಲೆಯೂ ಇರಲಿ. ಸಿಮೆಂಟಿನ ಮೇಲೆ ಜಿಗಿತದ ಕಸರತ್ತು ವಾರಕ್ಕೆ ಎರಡು ದಿನ ಸಾಕು, ಹೆಚ್ಚಾದರೆ ಮೊಣಕಾಲು ಕೆಡುತ್ತದೆ. ಪಂದ್ಯಕ್ಕೆ ಎರಡು ವಾರ ಇರುವಾಗ ಮೊಬೈಲಿನಲ್ಲೇ 24 ಸೆಕೆಂಡ್ (ಚೆಂಡು ಸಿಕ್ಕ ತಂಡ ಶಾಟ್ ಹೊಡೆಯಲೇಬೇಕಾದ ಅವಧಿ) ಇಟ್ಟು ಆಡಿಸಿ. ಶಾಟ್ ರಿಂಗಿಗೆ ತಾಗಿ ಚೆಂಡು ಮತ್ತೆ ನಮ್ಮ ಕೈಗೇ ಬಂದರೆ 14 ಸೆಕೆಂಡ್ ಮಾತ್ರ. ಇದನ್ನು ಮರೆತ ತಂಡ ಅವಸರಕ್ಕೆ ಬಿದ್ದು ಚೆಂಡು ಕಳೆದುಕೊಳ್ಳುತ್ತದೆ.

ಪ್ರಶ್ನೆ: ಅಮೆರಿಕದ ಕಾಲೇಜು ಕೋಚ್‌ಗಳೂ ಹೀಗೇ ಪರೀಕ್ಷೆ ಬರೆದು ಬರುತ್ತಾರೆಯೇ?
— ಓದುಗರು, ವಿಜಯಪುರ

ಉತ್ತರ: ಇಲ್ಲ. ಅಲ್ಲಿ ನೆಟ್ ಪರೀಕ್ಷೆ ಇಲ್ಲ, ಏಣಿ ಇದೆ. ಹಲವರು ಸ್ನಾತಕೋತ್ತರ ಓದುತ್ತಲೇ ಗ್ರಾಜುಯೇಟ್ ಅಸಿಸ್ಟೆಂಟ್ ಆಗಿ ಎದುರಾಳಿಗಳ ವಿಡಿಯೊ ನೋಡಿ ಟಿಪ್ಪಣಿ ಮಾಡುತ್ತಾರೆ. ಅಸಿಸ್ಟೆಂಟ್ ಕೋಚ್ ಆದ ಮೇಲೆ ಹೈಸ್ಕೂಲುಗಳಿಂದ ಆಟಗಾರರನ್ನು ಆರಿಸಿ ತರುವುದೇ ದೊಡ್ಡ ಕೆಲಸ, ಅದರಲ್ಲಿ ಗೆದ್ದವರು ಮೇಲೇರುತ್ತಾರೆ. ಅಲ್ಲಿನ ಹೆಸರಾಂತ ಕೋಚ್ ಮೈಕ್ ಶಶೆವ್‌ಸ್ಕಿ ಇಂಡಿಯಾನಾ ವಿಶ್ವವಿದ್ಯಾಲಯದಲ್ಲಿ ಒಂದು ಸೀಸನ್ ಸಹಾಯಕರಾಗಿದ್ದು, 1975ರಲ್ಲಿ ಆರ್ಮಿ (ಸೇನಾ ಅಕಾಡೆಮಿ) ತಂಡಕ್ಕೆ, 1980ರಲ್ಲಿ ಡ್ಯೂಕ್ ವಿಶ್ವವಿದ್ಯಾಲಯಕ್ಕೆ ಹೆಡ್ ಕೋಚ್ ಆದರು. ಡ್ಯೂಕ್ ಮೊದಲ ಸಲ ರಾಷ್ಟ್ರೀಯ ಪ್ರಶಸ್ತಿ ಗೆದ್ದದ್ದು 1991ರಲ್ಲಿ. ಈಗಿನ ಕಾಲದಲ್ಲಾಗಿದ್ದರೆ ವಿಶ್ವವಿದ್ಯಾಲಯದವರು ಅಷ್ಟು ವರ್ಷ ಕಾಯುತ್ತಿದ್ದರೋ ಇಲ್ಲವೋ.