ಸ್ಪ್ಯಾನಿಷ್ ಕಲಿಯಲು ಎಲ್ಲಿಗೆ ಹೋಗಬೇಕು? ನನ್ನ ಉತ್ತರ: ಶೇಲಾ

ಒಂದೂವರೆ ತಿಂಗಳ ರಜೆ ಸಿಕ್ಕಿದೆ, ಲ್ಯಾಟಿನ್ ಅಮೆರಿಕ ಸುತ್ತುತ್ತಾ ಸ್ಪ್ಯಾನಿಷ್ ಕಲಿಯಬೇಕು, ಭಾಷಾ ಶಾಲೆಗೆ ದುಡ್ಡು ಸುರಿಯುವುದು ಸಾರ್ಥಕವೇ ಅಥವಾ ಮೊಬೈಲ್ ಆ್ಯಪ್ ಸಾಕೇ ಎಂದು ಕೇಳಿದ್ದೀರಿ. ಶಾಲೆಗೆ ಸೇರಿ, ಖಂಡಿತ ಸಾರ್ಥಕ. ಆದರೆ ಊರೂರು ಸುತ್ತುತ್ತಾ ಕಲಿಯುವ ಯೋಚನೆ ಬಿಡಿ. ಮೊದಲ ನಾಲ್ಕು ವಾರ ಒಂದೇ ಊರಿನಲ್ಲಿ, ಒಂದೇ ಮನೆಯಲ್ಲಿ ನೆಲೆಯೂರಿ ಕಲಿಯಿರಿ, ಸುತ್ತಾಟ ಆಮೇಲೆ. ಆ ಊರು ಮಧ್ಯ ಅಮೆರಿಕದ ಗ್ವಾಟೆಮಾಲಾ ದೇಶದ ಕೆತ್ಸಾಲ್ತೆನಾಂಗೊ ಆಗಿರಲಿ. ಅಲ್ಲಿನವರು ಅದನ್ನು ಶೇಲಾ ಎನ್ನುತ್ತಾರೆ. ನಾನು ಕಲಿತದ್ದು ಅಲ್ಲಿಯೇ.

ಗ್ವಾಟೆಮಾಲಾದ ವಿಶೇಷವೆಂದರೆ ಅಲ್ಲಿನ ಭಾಷಾ ಶಾಲೆಗಳಲ್ಲಿ ಸಾಮಾನ್ಯವಾಗಿ ಒಬ್ಬ ವಿದ್ಯಾರ್ಥಿಗೆ ಒಬ್ಬ ಶಿಕ್ಷಕರು. ದಿನಕ್ಕೆ ನಾಲ್ಕೈದು ಗಂಟೆ, ವಾರಕ್ಕೆ ಐದು ದಿನ. ಸ್ಪೇನ್‌ನಲ್ಲಿ ಗುಂಪಿನಲ್ಲಿ ಕೂತು ಕಲಿಯಲು ಕೊಡುವುದಕ್ಕಿಂತ ಇಲ್ಲಿ ಒಬ್ಬರೇ ಕಲಿಯುವುದು ಸಾಮಾನ್ಯವಾಗಿ ಅಗ್ಗ. ಸ್ಥಳೀಯರ ಮನೆಯಲ್ಲಿ ಊಟ-ವಸತಿಯ ಏರ್ಪಾಡನ್ನೂ ಶಾಲೆಯವರೇ ಮಾಡಿಕೊಡುತ್ತಾರೆ. ಹೆಚ್ಚಿನ ಪ್ರವಾಸಿಗರು ಗ್ವಾಟೆಮಾಲಾದಲ್ಲೇ ಇರುವ ಆಂಟಿಗ್ವಾ ಎಂಬ ಊರಿಗೆ ಹೋಗುತ್ತಾರೆ. 1773ರ ಭೂಕಂಪದ ನಂತರ ರಾಜಧಾನಿಯ ಪಟ್ಟ ಕಳೆದುಕೊಂಡ, ಮುರಿದ ಇಗರ್ಜಿಗಳೂ ಕಲ್ಲು ಹಾಸಿನ ಬೀದಿಗಳೂ ಇರುವ ಆ ಊರು 1979ರಿಂದ ಯುನೆಸ್ಕೊದ ವಿಶ್ವ ಪರಂಪರೆಯ ಪಟ್ಟಿಯಲ್ಲಿದೆ. ನೋಡಲು ಅದಕ್ಕಿಂತ ಚೆಂದದ ಊರು ಆ ಕಡೆ ಇಲ್ಲ. ಆದರೆ ಬಾಗಿಲು ದಾಟಿ ಹೊರಬಂದರೆ ಸಾಕು, ಕಾಫಿ ಅಂಗಡಿಯವನೂ ಇಂಗ್ಲಿಷಿನಲ್ಲೇ ಮಾತಿಗಿಳಿಯುತ್ತಾನೆ. ಬೆಳಿಗ್ಗೆ ಕಲಿತದ್ದನ್ನು ಸಂಜೆ ಬಳಸುವ ಗರಜೇ ಬೀಳುವುದಿಲ್ಲ. ಶೇಲಾ ದೊಡ್ಡ ಪಟ್ಟಣ, ತನ್ನ ಪಾಡಿಗೆ ತಾನು ಬದುಕುವ ಊರು. ಅಲ್ಲಿ ಔಷಧಿ ಬೇಕಿದ್ದರೂ ಚಪ್ಪಲಿ ಹೊಲಿಸಬೇಕಿದ್ದರೂ ಬಾಯಿ ಬಿಡಲೇಬೇಕು.

ತರಗತಿ ಎಂದರೆ ಒಳಾಂಗಣದ ಸುತ್ತ ಸಾಲಾಗಿ ಹಾಕಿದ ಪುಟ್ಟ ಮೇಜುಗಳು, ಒಂದೊಂದಕ್ಕೆ ಇಬ್ಬರು. ನನ್ನ ಶಿಕ್ಷಕಿ ಪುಸ್ತಕ ತೆರೆಯುವ ಮೊದಲು ನಿನ್ನೆ ಏನು ಮಾಡಿದಿರಿ ಎಂದು ಕೇಳುತ್ತಿದ್ದರು. ಮಾರುಕಟ್ಟೆಗೆ ಹೋದೆ, ಮಳೆ ಬರುತ್ತಿತ್ತು, ಅಂಗಡಿಯೊಂದರೊಳಗೆ ನುಗ್ಗಿದೆ ಎಂದು ನಾನು ಪದ ಜೋಡಿಸುತ್ತಿದ್ದಂತೆ ಅವರ ಪೆನ್ಸಿಲ್ ಹಾಳೆಯ ಮೇಲೆ ಉದ್ದನೆಯ ಗೆರೆ ಎಳೆಯುತ್ತಿತ್ತು. ಸುರಿಯುತ್ತಲೇ ಇದ್ದ ಮಳೆಗೆ ಆ ಗೆರೆ, ಅಂಗಡಿಗೆ ನುಗ್ಗಿದ್ದಕ್ಕೆ ಅದರ ಮೇಲೊಂದು ಅಡ್ಡಗೀಟು. ಸ್ಪ್ಯಾನಿಷ್‌ನಲ್ಲಿ ಸರಳ ಭೂತಕಾಲ ಎರಡು ಬಗೆ: ನಡೆಯುತ್ತಲೇ ಇದ್ದದ್ದಕ್ಕೆ ಒಂದು, ನಡೆದು ಮುಗಿದದ್ದಕ್ಕೆ ಇನ್ನೊಂದು. ಕಲಿಯುವವರೆಲ್ಲ ಅಲ್ಲಿ ತಿಣುಕುತ್ತಾರೆ. ನನಗೆ ಆ ಗೆರೆ-ಗೀಟಿನಲ್ಲಿ ಅರ್ಥವಾದದ್ದು ಯಾವ ಆ್ಯಪ್‌ನಲ್ಲಿಯೂ ಆಗುತ್ತಿರಲಿಲ್ಲ, ಏಕೆಂದರೆ ಆ ಮಳೆಯಲ್ಲಿ ನೆನೆದವನು ನಾನೇ.

ಕನ್ನಡದವರಿಗೆ ನಾನು ಒತ್ತಿ ಹೇಳುವ ಮಾತು ಒಂದಿದೆ: ಸ್ಪ್ಯಾನಿಷನ್ನು ಇಂಗ್ಲಿಷಿನ ದಾರಿಯಿಂದ ಕಲಿಯಬೇಡಿ, ಕನ್ನಡದ ಪಕ್ಕದಲ್ಲಿ ಇಟ್ಟು ನೋಡಿ. ‘ಮೆ ಗುಸ್ತಾ ಎಲ್ ಕಫೆ’ ಎಂಬ ವಾಕ್ಯದಲ್ಲಿ ‘ನನಗೆ ಕಾಫಿ ಇಷ್ಟ’ ಎಂಬ ಹಾಗೆಯೇ ‘ನನಗೆ’ ಇದೆ. ‘ಮೆ ದುಯೇಲೆ ಲಾ ಕಬೇಸಾ’ ಎಂದರೆ ನನಗೆ ತಲೆ ನೋಯುತ್ತಿದೆ. ಈ ಜೋಡಣೆಗೆ ಇಂಗ್ಲಿಷ್ ಮಾತೃಭಾಷೆಯವರು ದಿನಗಟ್ಟಲೆ ತಲೆ ಕೆರೆದುಕೊಳ್ಳುತ್ತಾರೆ, ನಮಗದು ಮನೆಯ ಮಾತು. ಕ್ರಿಯಾಪದದ ಕೊನೆಯೇ ಕರ್ತೃ ಯಾರೆಂದು ಹೇಳುವುದರಿಂದ ‘ನಾನು’, ‘ಅವರು’ ಎಂದು ಪ್ರತಿ ಸಲ ಹೇಳಬೇಕಿಲ್ಲ. ನೀನು-ನೀವು ಭೇದ ಅಲ್ಲಿಯೂ ಉಂಟು, ಮತ್ತು ಗ್ವಾಟೆಮಾಲಾದಲ್ಲಿ ‘ಉಸ್ತೆದ್’ ಎಂಬ ಮರ್ಯಾದೆಯ ಮಾತು ಮನೆಯೊಳಗೂ ನಡೆಯುತ್ತದೆ, ಆದ್ದರಿಂದ ಎಲ್ಲರನ್ನೂ ಹಾಗೆಯೇ ಮಾತನಾಡಿಸಿ. ಉಚ್ಚಾರದಲ್ಲಿಯೂ ನಮ್ಮ ತ, ದ ಅಲ್ಲಿಗೆ ಸರಿಹೊಂದುತ್ತವೆ. ಕಷ್ಟ ಎದುರಾಗುವುದು ಬೇರೆ ಕಡೆ: ಜೀವವಿಲ್ಲದ ವಸ್ತುಗಳಿಗೂ ಗಂಡು-ಹೆಣ್ಣೆಂಬ ಲಿಂಗ. ಹಿಂದಿ ಬಲ್ಲವರಿಗೆ ಇದು ಹೊಸತಲ್ಲ, ಆದರೆ ಯಾವ ವಸ್ತುವಿಗೆ ಯಾವ ಲಿಂಗವೆಂದು ಕಂಠಪಾಠ ಮಾಡದೆ ಗತ್ಯಂತರವಿಲ್ಲ.

ನಿರೀಕ್ಷೆ ಎಷ್ಟಿರಬೇಕು? ಅಮೆರಿಕದ ವಿದೇಶಾಂಗ ಇಲಾಖೆ ತನ್ನ ಇಂಗ್ಲಿಷ್ ಮಾತನಾಡುವ ಅಧಿಕಾರಿಗಳು ಸ್ಪ್ಯಾನಿಷ್‌ನಲ್ಲಿ ಕಚೇರಿ ಕೆಲಸ ನಡೆಸುವಷ್ಟು ಕಲಿಯಲು ಸುಮಾರು 600ರಿಂದ 750 ಗಂಟೆಗಳ ಪಾಠವನ್ನು ಲೆಕ್ಕ ಹಾಕುತ್ತದೆ. ನಾಲ್ಕು ವಾರದಲ್ಲಿ ನಿಮಗೆ ಸಿಗುವುದು 80ರಿಂದ 100 ಗಂಟೆ. ಅಷ್ಟರಲ್ಲಿ ಪತ್ರಿಕೆ ಓದಿ ಚರ್ಚಿಸಲಾಗದು, ಆದರೆ ಬಸ್ಸಿನಲ್ಲಿ ಪಕ್ಕದವರ ಮಕ್ಕಳ ಮದುವೆಯ ಸುದ್ದಿ ಕೇಳಿ ತಿಳಿಯಬಹುದು. ಇದರಲ್ಲಿ ಒಂದು ಗಂಟೆಯೂ ಪೋಲಾಗಬಾರದೆಂದರೆ ಅಂಕಿಗಳು, ವಾರಗಳ ಹೆಸರು, ವರ್ತಮಾನ ಕಾಲದ ರೂಪಗಳನ್ನು ಹೊರಡುವ ಮೊದಲು ನಿಮ್ಮ ಊರಿನಲ್ಲಿ ಇರುವಾಗಲೇ ಕಲಿತುಕೊಳ್ಳಿ. ಆ್ಯಪ್ ಉಪಯೋಗಕ್ಕೆ ಬರುವುದು ಅಲ್ಲಿ.

ಮನೆಯೂಟದ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಕಪ್ಪು ಹುರುಳಿಯಂತಹ ಫ್ರಿಹೋಲೆಸ್ ಕಾಳು, ತೋರ್ತಿಯಾ ಎಂಬ ಮೆಕ್ಕೆಜೋಳದ ರೊಟ್ಟಿ, ಮೊಟ್ಟೆ, ಬೇಯಿಸಿದ ಇಲ್ಲವೇ ಹುರಿದ ಬಾಳೆ, ಅನ್ನ: ಸಸ್ಯಾಹಾರಿಗೆ ಹೊಟ್ಟೆಗೇನೂ ಕೊರತೆಯಿಲ್ಲ. ಆದರೆ ‘ಕಾರ್ನೆ (ಮಾಂಸ) ತಿನ್ನುವುದಿಲ್ಲ’ ಎಂದಷ್ಟೇ ಹೇಳಿದರೆ ಕೋಳಿ ಬಡಿಸುವ ಸಾಧ್ಯತೆ ಇದೆ, ಏಕೆಂದರೆ ಅನೇಕರಿಗೆ ಆ ಪದದ ಮೊದಲ ಅರ್ಥ ದನದ ಮಾಂಸ. ‘ನಿ ಪೋಯೊ, ನಿ ಪೆಸ್ಕಾದೊ’ ಎಂದು ಕೋಳಿ, ಮೀನು ಎರಡನ್ನೂ ಸೇರಿಸಿ ಹೇಳಿ. ಅನ್ನಕ್ಕೆ ಕೋಳಿಯ ಸಾರು, ಕಾಳಿಗೆ ಹಂದಿಯ ಕೊಬ್ಬು ಹಾಕುವ ರೂಢಿಯೂ ಉಂಟು. ಮೊದಲ ದಿನವೇ ಮನೆಯೊಡತಿಯನ್ನು ಕೇಳಿ ಬಿಡಿ. ನಾನಿದ್ದ ಮನೆಯ ಅಮ್ಮ ನನಗೆಂದು ಬೇರೆ ಬಾಣಲೆಯನ್ನೇ ಇಟ್ಟಿದ್ದರು. ಒಲೆಯ ಪಕ್ಕ ನಿಂತು ಅವರ ಜೊತೆ ತೋರ್ತಿಯಾ ತಟ್ಟುತ್ತಾ ಕಲಿತ ಸ್ಪ್ಯಾನಿಷ್ ಶಾಲೆಯಲ್ಲಿ ಕಲಿತದ್ದಕ್ಕೆ ಕಡಿಮೆಯೇನಲ್ಲ. ಶಾಲೆಯವರಿಗೆ ಬರೆಯುವಾಗ ಆ ಮನೆಯಲ್ಲಿ ಬೇರೆ ವಿದೇಶಿ ವಿದ್ಯಾರ್ಥಿಗಳಿದ್ದಾರೆಯೇ ಎಂದು ವಿಚಾರಿಸಿ. ಇದ್ದರೆ ಊಟದ ಮೇಜಿನ ಮಾತು ಇಂಗ್ಲಿಷಿಗೆ ತಿರುಗುತ್ತದೆ, ಬೇರೆ ಮನೆ ಕೇಳಿ.

ಶಾಲೆ ಆರಿಸುವಾಗ ನಾನು ಎಲ್ಲಕ್ಕಿಂತ ಮೊದಲು ನೋಡುವುದು ಶಿಕ್ಷಕರಿಗೆ ಸಿಗುವ ಪಾಲನ್ನು. ಅನೇಕರಿಗೆ ಸಂಬಳ ಪಾಠದ ಗಂಟೆ ಲೆಕ್ಕದಲ್ಲಿ. ವಿದ್ಯಾರ್ಥಿ ಬಾರದ ವಾರ ಬರಿಗೈ. ಶಿಕ್ಷಕರೇ ಸೇರಿ ಸಹಕಾರಿ ಪದ್ಧತಿಯಲ್ಲಿ ನಡೆಸುವ ಶಾಲೆಗಳು ಶೇಲಾದಲ್ಲಿವೆ, ಅಂಥವನ್ನು ಹುಡುಕಿ. ನಾವು ಕೊಡುವ ಹಣದಲ್ಲಿ ಎಷ್ಟು ನಿಮಗೆ ತಲುಪುತ್ತದೆ ಎಂದು ಕೇಳಿದರೆ ಅವರು ಬೇಸರ ಮಾಡಿಕೊಳ್ಳುವುದಿಲ್ಲ.

ಆ ಶಿಕ್ಷಕರ ಬಗ್ಗೆ ಇನ್ನೊಂದು ಮಾತು. ಅವರಲ್ಲಿ ಕೆಲವರ ಮನೆಮಾತು ಸ್ಪ್ಯಾನಿಷ್ ಅಲ್ಲ, ಕಿಚೆ ಅಥವಾ ಮಾಮ್. ಗ್ವಾಟೆಮಾಲಾದಲ್ಲಿ ಅಲ್ಲಿನ ಮೂಲನಿವಾಸಿಗಳಾದ ಮಾಯಾ ಜನರ ಇಂಥ 22 ಭಾಷೆಗಳಿವೆ. ತುಳು ಮನೆಯ ಮಗು ಶಾಲೆಯಲ್ಲಿ ಕನ್ನಡ ಕಲಿಯುವ ಹಾಗೆ ಅವರು ಸ್ಪ್ಯಾನಿಷನ್ನು ಕಲಿತವರು, ಹಾಗಾಗಿ ಕಲಿಯುವವರ ತೊಡಕು ಅವರಿಗೆ ಚೆನ್ನಾಗಿ ಗೊತ್ತು. 1960ರಿಂದ 1996ರವರೆಗೆ ನಡೆದ ಅಂತರ್ಯುದ್ಧದಲ್ಲಿ ಹೆಚ್ಚು ಸತ್ತವರು ಮಾಯಾ ಜನ. ನಡುವಯಸ್ಸು ದಾಟಿದ ಶಿಕ್ಷಕರಿಗೆ ಅದು ಪುಸ್ತಕದ ಚರಿತ್ರೆಯಲ್ಲ. ನೀವಾಗಿ ಕೆದಕಬೇಡಿ; ಅವರಾಗಿ ಹೇಳಿದರೆ ವ್ಯಾಕರಣದ ಪುಸ್ತಕ ಮುಚ್ಚಿಟ್ಟು ಕೇಳಿ. ಆ ಮಾತು ಅರ್ಥವಾಗುವಷ್ಟು ಭಾಷೆ ಬಂದ ದಿನವೇ ನನಗೆ ಅಷ್ಟು ದೂರ ಹೋದದ್ದು ಸಾರ್ಥಕ ಎನಿಸಿತು.

ಇನ್ನುಳಿದದ್ದು ಚಿಲ್ಲರೆ ವಿಷಯ. ಶೇಲಾ ಸಮುದ್ರಮಟ್ಟದಿಂದ ಸುಮಾರು 2,300 ಮೀಟರ್ ಎತ್ತರದಲ್ಲಿದೆ, ರಾತ್ರಿ ಸ್ವೆಟರ್ ಬೇಕೇ ಬೇಕು. ಮೇ ತಿಂಗಳಿಂದ ಅಕ್ಟೋಬರ್‌ವರೆಗೆ ಮಳೆಗಾಲ, ಆದರೆ ಸಾಮಾನ್ಯವಾಗಿ ಬೆಳಗಿನ ಹೊತ್ತು ತೆರಪಾಗಿರುತ್ತದೆ. ನಾಲ್ಕು ವಾರದ ಶುಲ್ಕವನ್ನು ಒಟ್ಟಿಗೆ ಕಟ್ಟಬೇಡಿ, ವಾರ ವಾರ ಕಟ್ಟಿ. ಶಿಕ್ಷಕರ ಜೊತೆ ಹೊಂದದಿದ್ದರೆ ಮುಂದಿನ ವಾರ ಬದಲಿಸಲು ಕೇಳುವುದು ಅಲ್ಲಿ ಮಾಮೂಲು. ಗ್ವಾಟೆಮಾಲಾ ಬೇಡವೆನಿಸಿದರೆ ದಕ್ಷಿಣ ಅಮೆರಿಕದಲ್ಲಿ ಬೊಲಿವಿಯಾದ ಸುಕ್ರೆ ಎಂಬ ಊರನ್ನು ನೋಡಿ, ಅಲ್ಲಿನವರ ಮಾತು ನಿಧಾನ, ಸ್ಪಷ್ಟ. ಭಾರತೀಯ ಪಾಸ್‌ಪೋರ್ಟ್‌ನವರಿಗೆ ವೀಸಾ ನಿಯಮ ದೇಶದಿಂದ ದೇಶಕ್ಕೆ ಬೇರೆ, ಆಗಾಗ ಬದಲಾಗುತ್ತದೆ ಕೂಡ. ವಿಮಾನದ ಟಿಕೆಟ್ ಕೊಳ್ಳುವ ಮೊದಲು ಆಯಾ ರಾಯಭಾರ ಕಚೇರಿಯಲ್ಲೇ ಕೇಳಿ ಖಚಿತಪಡಿಸಿಕೊಳ್ಳಿ.